ಫಸ್ಟ್ ಸೆಮ್‌ಗೆ ಹೊರಟವರಿಗೆ ನಾಲ್ಕು ಮಾತು

ಕಳೆದ ಭಾನುವಾರ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಸಿಇಟಿಯಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿದೆ. ‘ಅಕ್ಕಾ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?’ ಅಂತ ಶುರು ಮಾಡಿದವನು ಹತ್ತು ನಿಮಿಷ ರ್ಯಾಮ್, ಪ್ರೊಸೆಸರ್ ಅಂತೆಲ್ಲ ಮಾತಾಡಿದ. ಇಡೋ ಮುಂಚೆ ದನಿ ತಗ್ಗಿಸಿ, ‘ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಅಲ್ವಾ, ಅಲ್ಲಿ ಕಷ್ಟ ಆಗುತ್ತಾ?’ ಅಂದ. ಫೋನ್ ಮಾಡಿದ್ದೇ ಅದಕ್ಕೆ ಅಂತ ಆಗ ಗೊತ್ತಾಯ್ತು.

‘ನಾನೂ ಕನ್ನಡ ಮೀಡಿಯಂ ಕಣೋ’ ಅಂದೆ.

‘ನಿನ್ನ ಕಥೆ ಬಿಡು, ನೀನು ಮೊದಲಿಂದ್ಲೂ ಜಾಣೆ.’

ನೆಂಟರಿಷ್ಟರೆಲ್ಲ ಹಾಗೇ ಅಂದುಕೊಂಡಿದ್ದಾರೆ. ನಿಜ ಏನಂದರೆ, ಮೊದಲ ಸೆಮಿಸ್ಟರ್‌ನಲ್ಲಿ ನನಗೆ ಎಂ-1, ಅಂದರೆ ಗಣಿತ, ಬ್ಯಾಕ್ ಇತ್ತು. ಅವನಿಗೆ ಅದನ್ನು ಹೇಳಿದೆ. ಆ ಕಡೆ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ, ‘ಹೌದಾ? ಹೇಗೆ?’ ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ನಿಮ್ಮ ಮನೆಯಲ್ಲೂ ಈ ವರ್ಷ ತಮ್ಮನೋ ತಂಗಿಯೋ ಕಾಲೇಜಿಗೆ ಹೊರಟಿದ್ದರೆ ಅವರಿಗೂ ಉಪಯೋಗಕ್ಕೆ ಬರಲಿ.

ನಾನು ತರೀಕೆರೆಯಿಂದ ಬೆಂಗಳೂರಿಗೆ ಬಂದಿದ್ದು 2013ರಲ್ಲಿ. ಪಿಯುಸಿ ಗಣಿತದಲ್ಲಿ 91 ಇತ್ತು, ಹಾಗಾಗಿ ಆ ಸಬ್ಜೆಕ್ಟ್ ಬಗ್ಗೆ ಭಯವೇ ಇರಲಿಲ್ಲ. ಕ್ಲಾಸಿನಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲಿ ಮಾತಾಡುತ್ತಾ ಬೋರ್ಡ್ ತುಂಬಿಸಿ ಅಳಿಸುತ್ತಿದ್ದರು. ನಾನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದೆ. ನನ್ನ ನೋಟ್ಸ್ ಎಷ್ಟು ಚೆನ್ನಾಗಿತ್ತು ಅಂದರೆ ಅರ್ಧ ಕ್ಲಾಸು ಅದನ್ನು ಜೆರಾಕ್ಸ್ ಮಾಡಿಸಿಕೊಂಡಿತ್ತು. ಆದರೆ ಆ ನೋಟ್ಸಿನ ಒಂದು ಲೆಕ್ಕವನ್ನೂ ನಾನು ಪುಸ್ತಕ ಮುಚ್ಚಿ ಮಾಡಿ ನೋಡಿರಲಿಲ್ಲ. ಅಸೈನ್‌ಮೆಂಟ್ ಅಂದರೆ ಹಿಂದಿನ ರಾತ್ರಿ ರೂಮ್‌ಮೇಟ್‌ದು ನೋಡಿ ಬರೆಯೋದು. ಮೊದಲ ಇಂಟರ್ನಲ್ಸ್‌ನಲ್ಲಿ 25ಕ್ಕೆ 8 ಬಂತು. ‘ಮೊದಲನೇದು ತಾನೇ’ ಅಂದುಕೊಂಡೆ. ಕೊನೆಯ ಪರೀಕ್ಷೆಯಲ್ಲಿ 100ಕ್ಕೆ 29. ಪಾಸಾಗೋಕೆ 35 ಬೇಕಿತ್ತು.

ಹಾಗಾಗಿ ನನ್ನ ಮೊದಲನೇ ಮಾತು ಇದು: ಅವತ್ತಿನ ಲೆಕ್ಕ ಅವತ್ತೇ, ನೋಟ್ಸ್ ಮುಚ್ಚಿ, ಖಾಲಿ ಹಾಳೆಯಲ್ಲಿ ಮಾಡಿ. ಎರಡೇ ಮಾಡಿ, ಸಾಕು. ನೋಡಿ ಓದಿದಾಗ ಎಲ್ಲವೂ ಅರ್ಥವಾದ ಹಾಗೇ ಇರುತ್ತೆ. ಕೈ ಎಲ್ಲಿ ನಿಲ್ಲುತ್ತೋ ಅಲ್ಲಿ ನಮಗೆ ಬರಲ್ಲ ಅಂತ ಅರ್ಥ. ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಮರುದಿನ ಕೇಳಿ. ಸಿ ಪ್ರೋಗ್ರಾಮಿಂಗ್‌ಗೂ ಇದೇ ಮಾತು. ಕಾಪಿ ಮಾಡಿ ಪೇಸ್ಟ್ ಮಾಡಿದ ಪ್ರೋಗ್ರಾಂ ರನ್ ಆಗುತ್ತೆ, ಆದರೆ ಲ್ಯಾಬ್ ಎಕ್ಸಾಮಿನಲ್ಲಿ ಕೈ ಹಿಡಿಯಲ್ಲ. ಅಂದಹಾಗೆ, ಇದಕ್ಕೆಲ್ಲ ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ ಅಂತಲೂ ಅವನಿಗೆ ಹೇಳಿದೆ.

ಎರಡನೇದು, ಇಂಟರ್ನಲ್ಸ್. ನಮ್ಮ ಕಾಲದಲ್ಲಿ ಅದು 25 ಅಂಕ, ಹೋದರೆ ಹೋಯ್ತು ಅನ್ನುತ್ತಿದ್ದೆವು. ವಿಟಿಯು 2022ರ ಸ್ಕೀಮ್‌ನಲ್ಲಿ ಥಿಯರಿ ಸಬ್ಜೆಕ್ಟಿಗೆ ಇಂಟರ್ನಲ್ಸ್ 50, ಕೊನೆಯ ಪರೀಕ್ಷೆ 50. ಪರೀಕ್ಷೆ ಬರೆಯೋದು 100ಕ್ಕೆ, ಆಮೇಲೆ ಅದನ್ನು 50ಕ್ಕೆ ಇಳಿಸುತ್ತಾರೆ. ಒಂದು ಲೆಕ್ಕ ಹಾಕಿ. ಒಟ್ಟು 72 ಬೇಕು ಅಂದುಕೊಳ್ಳಿ. ಇಂಟರ್ನಲ್ಸ್‌ನಲ್ಲಿ 42 ಇದ್ದರೆ ಪರೀಕ್ಷೆಯಿಂದ 30 ಸಾಕು, ಅಂದರೆ 100ಕ್ಕೆ 60. ಇಂಟರ್ನಲ್ಸ್‌ನಲ್ಲಿ 25 ಇದ್ದರೆ ಪರೀಕ್ಷೆಯಿಂದ 47 ಬೇಕು, ಅಂದರೆ 100ಕ್ಕೆ 94! ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಇಲ್ಲದಿದ್ದರೆ ಪರೀಕ್ಷೆಗೆ ಕೂರೋಕೇ ಆಗಲ್ಲ. ನಿಮ್ಮದು ಅಟಾನಮಸ್ ಕಾಲೇಜಾದರೆ ನಿಯಮ ಬೇರೆ ಇರಬಹುದು. ಮೊದಲ ವಾರವೇ ಆ ನಿಯಮದ ಪುಸ್ತಕ ಕೇಳಿ ಪಡೆದು ಓದಿ. ಸೀನಿಯರ್‌ಗಳ ಬಾಯಿಮಾತನ್ನು ನಂಬಿ ಕೂರಬೇಡಿ, ಅವರು ಹೇಳೋದು ಹಳೇ ಸ್ಕೀಮ್ ಆಗಿರುತ್ತೆ.

ಹಾಜರಾತಿಗೂ ಇಂಥದ್ದೇ ಲೆಕ್ಕ ಇದೆ. ವಿಟಿಯುನಲ್ಲಿ ಪ್ರತಿ ಸಬ್ಜೆಕ್ಟಿಗೂ 85% ಬೇಕು. ಒಂದು ಸಬ್ಜೆಕ್ಟಿಗೆ 40 ಕ್ಲಾಸು ನಡೆದರೆ 34ಕ್ಕೆ ಹೋಗಿರಬೇಕು, ತಪ್ಪಿಸೋಕೆ ಇರೋದು ಬರೀ 6. ಊರಿನ ನೆನಪಾಗಿ ಶುಕ್ರವಾರ ಮಧ್ಯಾಹ್ನವೇ ಬಸ್ ಹತ್ತಿ ಸೋಮವಾರ ಮಧ್ಯಾಹ್ನ ವಾಪಸ್ ಬರೋರಿಗೆ ಹಬ್ಬದ ಸೀಸನ್‌ನಲ್ಲಿ ಆ 6 ಖರ್ಚಾಗಿದ್ದೇ ಗೊತ್ತಾಗಲ್ಲ. ಮುಂದೆ ಜ್ವರ ಬಂದು ಮಲಗಿದರೆ ಕೈಯಲ್ಲಿ ಏನೂ ಉಳಿದಿರಲ್ಲ. ಆ 6 ಕ್ಲಾಸನ್ನು ಜ್ವರಕ್ಕೆ ಅಂತ ಎತ್ತಿಡಿ.

ಮೂರನೇದು, ಅವನು ಕೇಳಿದ ಇಂಗ್ಲಿಷಿನ ಪ್ರಶ್ನೆ. ಕಷ್ಟ ಆಗುತ್ತೆ, ಇಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಸಬ್ಜೆಕ್ಟಿನ ಇಂಗ್ಲಿಷು ಚಿಕ್ಕದು. ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗೊತ್ತಿಲ್ಲದ ಪದ ಬರೆದಿಟ್ಟು ರಾತ್ರಿ ಅರ್ಥ ನೋಡಿದರೆ, ಎರಡು ತಿಂಗಳಲ್ಲಿ ಆ ಪಟ್ಟಿ ಬೆಳೆಯೋದು ನಿಲ್ಲುತ್ತೆ. ನನಗೆ ದೊಡ್ಡ ತೊಂದರೆ ಆಗಿದ್ದು ಪ್ರಶ್ನೆ ಕೇಳೋದಕ್ಕೆ. ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದರು. ಬ್ಯಾಕ್ ಬಂದ ಮೇಲೆ ಒಂದಿನ ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋಗಿ, ‘ಸರ್, ಕನ್ನಡದಲ್ಲಿ ಕೇಳ್ಲಾ?’ ಅಂದೆ. ಅವರು ಪಕ್ಕದ ಕುರ್ಚಿ ಎಳೆದು, ‘ಕೂತ್ಕೊಳಮ್ಮ, ಇಷ್ಟು ದಿನ ಎಲ್ಲಿದ್ದೆ?’ ಅಂದರು. ಎಲ್ಲರೂ ಹಾಗೇ ಇರುತ್ತಾರೆ ಅಂತಲ್ಲ. ಒಬ್ಬರು ಬೈದರೆ ಇನ್ನೊಬ್ಬರ ಹತ್ತಿರ ಹೋಗಿ.

ನಡುವೆ ಎರಡು ಸಣ್ಣ ವಿಷಯ. ಸ್ಕಾಲರ್‌ಶಿಪ್‌ಗೆ ಅರ್ಹತೆ ಇದ್ದರೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕೋದನ್ನು ಕೊನೇ ದಿನಕ್ಕೆ ಬಿಡಬೇಡಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಊರಿಂದ ಹೊರಡುವಾಗಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇನ್ನು, ಸೀನಿಯರ್‌ಗಳು ಪರಿಚಯದ ಹೆಸರಿನಲ್ಲಿ ಕಾಟ ಕೊಟ್ಟರೆ ಸಹಿಸಿಕೊಂಡು ಕೂರೋದು ದೊಡ್ಡತನ ಅಲ್ಲ. ಕಾಲೇಜಿನಲ್ಲಿ ಹೇಳಿ. ಅಲ್ಲಿ ಹೇಳೋಕೆ ಆಗದಿದ್ದರೆ ರಾಷ್ಟ್ರೀಯ ಆಂಟಿ-ರ‍್ಯಾಗಿಂಗ್ ಸಹಾಯವಾಣಿ 1800-180-5522 ಇದೆ.

ನಾಲ್ಕನೇ ಮಾತು ನನಗೆ ಎಲ್ಲಕ್ಕಿಂತ ತಡವಾಗಿ ಅರ್ಥವಾಗಿದ್ದು. ನಮ್ಮಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಾಲ ಮಾಡಿ ಫೀಸು ಕಟ್ಟಿದ್ದರು. ರಿಸಲ್ಟ್ ಬಂದ ದಿನ ಫೋನಿನಲ್ಲಿ ‘ಎಲ್ಲಾ ಪಾಸಪ್ಪ’ ಅಂದುಬಿಟ್ಟೆ. ಆ ಒಂದು ಸುಳ್ಳು ಸಾಕೋಕೆ ಇನ್ನೆಷ್ಟೋ ಸುಳ್ಳು ಬೇಕಾಯ್ತು. ಬ್ಯಾಕ್ ಪೇಪರಿನ ಫೀಸಿಗೆ ‘ಲ್ಯಾಬ್ ಮ್ಯಾನ್ಯುಯಲ್ ತಗೋಬೇಕು’ ಅಂತ ದುಡ್ಡು ತರಿಸಿಕೊಂಡೆ. ಆ ವರ್ಷ ಯುಗಾದಿಗೆ ಊರಿಗೆ ಹೋಗಲಿಲ್ಲ, ಅಪ್ಪನ ಮುಖ ನೋಡೋಕೆ ಆಗುತ್ತಿರಲಿಲ್ಲ. ಓದೋಕೆ ಕೂತರೂ ತಲೆಯಲ್ಲಿ ಅದೇ. ಎರಡನೇ ಸೆಮ್‌ನ ಅರ್ಧ ಹೀಗೇ ಹಾಳಾಯ್ತು.

ಜುಲೈನಲ್ಲಿ ಪರೀಕ್ಷೆ ಮುಗಿಸಿ ಊರಿಗೆ ಹೋದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡಿಕೊಂಡೇ, ‘ಆ ಗಣಿತ ಈ ಸಲ ಹೇಗಾಯ್ತು?’ ಅಂತ ಕೇಳಿದರು. ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಫೀಸ್ ರಸೀದಿಯಲ್ಲಿದ್ದ ಯುಎಸ್‌ಎನ್ ಕೊಟ್ಟು, ಮಂಡಿಯ ಕಂಪ್ಯೂಟರ್ ಹುಡುಗನ ಹತ್ತಿರ ಮೊದಲ ದಿನವೇ ರಿಸಲ್ಟ್ ನೋಡಿಸಿದ್ದರು. ‘ಗೊತ್ತಿದ್ದೂ ಯಾಕಪ್ಪ ಕೇಳಲಿಲ್ಲ?’ ಅಂದೆ. ‘ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ’ ಅಂದರು. ಅಷ್ಟೇ. ಒಂದು ಮಾತೂ ಬೈಯಲಿಲ್ಲ. ಅಮ್ಮನಿಗೂ ಅವರು ಹೇಳಿರಲಿಲ್ಲ. ಆ ಸಲ ನಾನು ಪಾಸಾದೆ. ಈಗಲೂ ಬ್ಯಾಕ್ ಬಂದಿದ್ದಕ್ಕೆ ನನಗೆ ನಾಚಿಕೆ ಇಲ್ಲ, ಅವರನ್ನು ಐದು ತಿಂಗಳು ಕಾಯಿಸಿದ್ದಕ್ಕೆ ಇದೆ.

ಆದ್ದರಿಂದ ಕಡಿಮೆ ಅಂಕ ಬಂದ ದಿನವೇ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಹೇಳಿ. ಅಪ್ಪನಿಗೆ ಹೇಳೋಕೆ ಭಯವಾದರೆ ಅಮ್ಮನಿಗೆ, ಇಲ್ಲ ಅಣ್ಣನಿಗೆ, ಅಕ್ಕನಿಗೆ. ಹೇಳಿದ ಮೇಲೆ ಉಳಿಯೋದು ಪಾಸು ಮಾಡುವ ಕೆಲಸ ಒಂದೇ. ಮುಚ್ಚಿಟ್ಟರೆ ಎರಡು ಕೆಲಸ.

ಇನ್ನು, ಈಗ ದುಡಿಯುತ್ತಿರುವ ನಮ್ಮಂಥವರಿಗೂ ಒಂದು ಕೆಲಸ ಇದೆ. ಮನೆಯ ಚಿಕ್ಕವರ ಮುಂದೆ ನಮ್ಮ ಪ್ಯಾಕೇಜು, ಆನ್‌ಸೈಟು ಮಾತ್ರ ಹೇಳಿಕೊಂಡರೆ ಅವರು ನಮಗೆ ಏನನ್ನೂ ಹೇಳಲ್ಲ. ನಮ್ಮ 29ನ್ನೂ ಹೇಳಬೇಕು.

ಫೋನ್ ಇಡುವ ಮುಂಚೆ ಚಿಕ್ಕಮ್ಮನ ಮಗ, ‘ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಬಂದ ದಿನ ಮೆಸೇಜ್ ಹಾಕ್ತೀನಿ ಅಕ್ಕಾ, ಎಷ್ಟೇ ಬಂದಿರ್ಲಿ’ ಅಂದ. ನಾನು ಕಾಯ್ತಿದ್ದೀನಿ.