ಹೆಸರು ಬಯಲಿಗೆ, ಮಾಲಿಕ ಮರೆಗೆ!

ಮುಂಬಯಿಯಲ್ಲಿ ನಮಗೆ ಪರಿಚಯದ ಗೃಹಿಣಿಯೊಬ್ಬರು ಚಟ್ನಿಪುಡಿ, ಹಪ್ಪಳ ಮಾಡಿ ಮಾರುತ್ತಾರೆ. ತಮ್ಮ ತಯಾರಿಕೆಯ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿದಾಗ ಅವರ ಹೆಸರು, ವಿಳಾಸ ಸರಕಾರದ ಜರ್ನಲಿನಲ್ಲಿ ಪ್ರಕಟವಾಯಿತು. ಆಕ್ಷೇಪವಿದ್ದವರು ನಾಲ್ಕು ತಿಂಗಳೊಳಗೆ ತಿಳಿಸಬೇಕೆಂಬುದು ನಿಯಮ. ಯಾರೂ ತಿಳಿಸಲಿಲ್ಲ. ಮರುವರ್ಷ ಯಾರೋ ಅದೇ ಹೆಸರಿಗೆ ಒಂದಕ್ಷರ ಸೇರಿಸಿ ಜಾಲತಾಣ ತೆರೆದು, ಮುಂಗಡ ಹಣ ಪಡೆದು, ಮಾಲು ಕಳಿಸದೆ ಕೂತರು. ಬೈಗುಳ ಬಂದದ್ದು ಈ ತಾಯಿಗೆ. ಆ ತಾಣದ ಹೆಸರು, ಅಂದರೆ ಡೊಮೈನ್, ಯಾರದೆಂದು ನಾನು ಹುಡುಕಿದೆ. ಮಾಲಿಕನ ಹೆಸರಿರಬೇಕಾದಲ್ಲಿ ಸಿಕ್ಕಿದ್ದು ‘ಗೋಪ್ಯತೆಗಾಗಿ ಮರೆಮಾಡಿದೆ’ ಎಂಬ ಸಾಲು!

ಸಾಚಾ ವ್ಯಾಪಾರಿ ಬಯಲಿನಲ್ಲಿ, ಕಳ್ಳ ಪರದೆಯ ಹಿಂದೆ. ಇದು ಯಾವ ನ್ಯಾಯ?

ಮೊದಲು ಹೀಗಿರಲಿಲ್ಲ. ‘ಹೂ ಈಸ್’ ಎಂಬ ದಾಖಲೆಯ ಪದ್ಧತಿ 1982ರಷ್ಟು ಹಳೆಯದು. ಡೊಮೈನ್ ಯಾರದೆಂದು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದಿತ್ತು; ಹಣ ತೆತ್ತು ಮರೆಯಾಗುವವರೂ ಇದ್ದರೆನ್ನಿ. 2018ರ ಮೇ 25ರಂದು ಯುರೋಪಿನಲ್ಲಿ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂತು. ಡೊಮೈನ್ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆ ಅಂದಿನಿಂದಲೇ ಹೆಸರು, ವಿಳಾಸ ಮರೆಮಾಡಲು ಒಪ್ಪಿತು. ಸೋಜಿಗವೆಂದರೆ ಆ ಕಾನೂನು ಕಾಪಾಡುವುದು ಮನುಷ್ಯರ ಮಾಹಿತಿಯನ್ನು, ಕಂಪೆನಿಗಳದ್ದನ್ನಲ್ಲ. ಆದರೂ ಪರದೆ ಬಿದ್ದದ್ದು ಇಬ್ಬರ ಮೇಲೂ, ಯುರೋಪಿನಾಚೆಗೂ.

ಗೋಪ್ಯತೆ ಬೇಡವೆಂಬುದು ನನ್ನ ವಾದವಲ್ಲ. ತನ್ನ ತಾಣದಲ್ಲಿ ಕವಿತೆ ಬರೆಯುವ ಹುಡುಗಿಯ ಮನೆ ವಿಳಾಸ ಜಗತ್ತಿಗೇಕೆ? ಆದರೆ ಅಂಗಡಿ ತೆರೆದು ಹಣ ಪಡೆಯುವವನಿಗೂ ಅದೇ ರಕ್ಷಣೆಯೇ? ಕಳ್ಳ ಸುಳ್ಳು ವಿಳಾಸ ಕೊಡುತ್ತಾನೆ ಎನ್ನುವಿರಾ? ಕೊಡಲಿ. ಬೇಕೆಂದೇ ಸುಳ್ಳು ವಿಳಾಸ ಕೊಟ್ಟರೆ ನೋಂದಣಿಯನ್ನೇ ರದ್ದು ಮಾಡಲು ಐಕ್ಯಾನಿನ ನಿಯಮದಲ್ಲಿ ಅವಕಾಶವಿದೆ. ಆದರೆ ಕಾಣದ ಸುಳ್ಳನ್ನು ಹಿಡಿಯುವುದು ಹೇಗೆ?

ಕೋರ್ಟಿದೆಯಲ್ಲ ಎನ್ನುವವರುಂಟು. ಇದೆ. ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಮೊದಲಾದ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆ ರಕ್ಷಣೆಯುಂಟೆಂದು 2004ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 1999ರಲ್ಲಿ ಐಕ್ಯಾನ್ ತಂದ ಪಂಚಾಯ್ತಿ ಪದ್ಧತಿಯಲ್ಲಿ ಎದುರಾಳಿಯ ಹೆಸರು ತಿಳಿಯದೆಯೂ ದೂರು ಕೊಡಬಹುದು. ಆದರೆ ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯಲ್ಲಿ ಒಬ್ಬರೇ ಪಂಚರು ವಿಚಾರಿಸುವ ದೂರಿಗೂ ಶುಲ್ಕ 1500 ಡಾಲರು! ಅದಕ್ಕೆ ಎಷ್ಟು ಮಣ ಚಟ್ನಿಪುಡಿ ಮಾರಬೇಕು? ದೊಡ್ಡ ಕಂಪೆನಿಗೆ ವಕೀಲರಿದ್ದಾರೆ. ಚಿಕ್ಕವರಿಗೆ ಇದ್ದದ್ದು ತೆರೆದ ದಾಖಲೆಯೊಂದೇ.

ಇಪ್ಪತ್ತು ವರ್ಷ ಕಡತಗಳ ನಡುವೆ ಕೂತ ಗುಮಾಸ್ತ ನಾನು. ರಿಜಿಸ್ಟರು ಇರುವುದು ನೋಡುವುದಕ್ಕೆ, ಬೀಗ ಹಾಕಿಡುವುದಕ್ಕಲ್ಲ. ವ್ಯಾಪಾರಕ್ಕೆ ಬಳಸುವ ಡೊಮೈನುಗಳ ಮಾಲಿಕರ ಹೆಸರು, ವಿಳಾಸ ಮತ್ತೆ ಎಲ್ಲರಿಗೂ ಕಾಣುವಂತಾಗಲಿ. ಅಲ್ಲಿಯವರೆಗೆ, ವಿಳಾಸ ಹೇಳದ ಅಂಗಡಿಗೆ ಮುಂಗಡವಾಗಿ ಒಂದು ಪೈಸೆಯನ್ನೂ ಕೊಡಬೇಡಿ.