ಶವವಾಹನ: ಹೆಸರು ಮತ್ತು ಹೊಣೆ

ಮರಣಕ್ಕೆ ಜಾತಿ, ಧರ್ಮಗಳ ಭೇದವಿಲ್ಲ. ಆದರೆ ಮೃತರನ್ನು ಒಯ್ಯುವ ವಾಹನದ ಹೆಸರಿಗೆ ಆ ಭೇದವಿದೆ. ಕನ್ನಡ, ತೆಲುಗು, ದಖ್ಖನಿ ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಚಿಂತಾಮಣಿಯಂತಹ ಊರಿನಲ್ಲಿ ಇದು ಬೇಗನೆ ಅರಿವಿಗೆ ಬರುತ್ತದೆ. ಒಬ್ಬರಿಗೆ ಅದು ಮುಕ್ತಿವಾಹನ ಅಥವಾ ವೈಕುಂಠ ರಥ, ಇನ್ನೊಬ್ಬರಿಗೆ ಜನಾಝಾ ಗಾಡಿ, ಸರಕಾರಿ ಕಡತದಲ್ಲಿ ಕೇವಲ ಶವವಾಹನ.

ಮುಕ್ತಿ ಎಂದರೆ ಜನನ ಮರಣಗಳ ಬಂಧನದಿಂದ ಬಿಡುಗಡೆ. ವೈಕುಂಠ ವಿಷ್ಣುವಿನ ನೆಲೆ. ಅರಬೀ ಭಾಷೆಯ ಜನಾಝಾ ಪದವು ಮೃತದೇಹ, ಅದನ್ನು ಹೊರುವ ಮಂಚ ಮತ್ತು ಅಂತ್ಯಯಾತ್ರೆ ಮೂರನ್ನೂ ಸೂಚಿಸುತ್ತದೆ. ಇಂಗ್ಲಿಷಿನ 'ಹರ್ಸ್' ಪದದ ಮೂಲವಂತೂ ಹೊಲದ ಹಲುಬೆಗೆ ಫ್ರೆಂಚರು ಹೇಳುವ ಹೆಸರು! ಹಲುಬೆಯ ಹಲ್ಲುಗಳಂತೆ ಮೊಂಬತ್ತಿಗಳನ್ನು ನಿಲ್ಲಿಸಿ ಶವದ ಮೇಲಿಡುತ್ತಿದ್ದ ಚೌಕಟ್ಟಿಗೆ ಆ ಹೆಸರು ಬಂದು, ಮುಂದೆ ಅದು ವಾಹನಕ್ಕೂ ಅಂಟಿತು.

ತಮ್ಮ ನಂಬಿಕೆಯ ಹೆಸರನ್ನು ತಮ್ಮ ವಾಹನಕ್ಕಿಡಲು ಪ್ರತಿಯೊಬ್ಬರಿಗೂ ಹಕ್ಕಿದೆ. ಆದರೆ ತೆರಿಗೆ ಹಣದಿಂದ ಓಡುವ ವಾಹನಕ್ಕೆ ಎಲ್ಲರೂ ತಮ್ಮದೆಂದು ಭಾವಿಸಬಹುದಾದ ಹೆಸರಿರುವುದು ನ್ಯಾಯ. 'ಅಂತಿಮಯಾತ್ರೆ ವಾಹನ' ಎಂದರೆ ಯಾರಿಗೂ ನೋವಾಗದು, ಅರ್ಥವೂ ಕೆಡದು.

ಹೆಸರಿಗಿಂತ ದೊಡ್ಡ ಪ್ರಶ್ನೆ, ಆ ವಾಹನ ಬಡವನ ಮನೆಬಾಗಿಲಿಗೆ ಬರುತ್ತದೆಯೇ ಎಂಬುದು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಇರುವುದು ಜೀವ ಉಳಿಸಲು. ಜೀವ ಹೋದ ಮೇಲೆ ಬಡವನಿಗೆ ಯಾರು ದಿಕ್ಕು? 2016ರಲ್ಲಿ ಒಡಿಶಾದ ಕಾಳಹಂಡಿಯಲ್ಲಿ ಆದಿವಾಸಿಯೊಬ್ಬರು ಪತ್ನಿಯ ಶವವನ್ನು ಹೆಗಲ ಮೇಲೆ ಹೊತ್ತು ಮೈಲುಗಟ್ಟಲೆ ನಡೆದುದನ್ನು ದೇಶವೇ ನೋಡಿತು. ಅಲ್ಲಿ ಕೊರತೆಯಿದ್ದುದು ಹೆಸರಿನದಲ್ಲ, ವಾಹನದ್ದು.

ನಮ್ಮ ಸಮುದಾಯವೂ ಆತ್ಮಾವಲೋಕನ ಮಾಡಿಕೊಳ್ಳಬೇಕು. ಮೃತರ ಅಂತ್ಯಸಂಸ್ಕಾರ ಇಸ್ಲಾಮಿನಲ್ಲಿ ಫರ್ಝ್ ಕಿಫಾಯ, ಅಂದರೆ ಯಾರೂ ನೆರವೇರಿಸದಿದ್ದರೆ ಎಲ್ಲರೂ ಹೊಣೆಗಾರರಾಗುವ ಕರ್ತವ್ಯ. ಯಹೂದಿಯೊಬ್ಬರ ಶವಯಾತ್ರೆ ಹಾದುಹೋದಾಗ ಪ್ರವಾದಿ ಮುಹಮ್ಮದ್(ಸ) ಎದ್ದು ನಿಂತರು. ಅದೂ ಒಂದು ಮಾನವ ಜೀವವೇ ಎಂಬುದನ್ನು ಅನುಚರರಿಗೆ ನೆನಪಿಸಿದರು. ಹೀಗಿರುವಾಗ ಮಸೀದಿಯ ಜನಾಝಾ ವಾಹನ ಚಂದಾ ಕಟ್ಟಿದವರಿಗೆ ಮಾತ್ರ ಎಂಬ ನಿಯಮ ಎಲ್ಲಿಯಾದರೂ ಇದ್ದರೆ ಅದು ತೊಲಗಲಿ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ನಮ್ಮ ಯುವಕರು ಅನ್ಯಧರ್ಮೀಯರ ಶವಗಳಿಗೂ ಹೆಗಲು ಕೊಟ್ಟರು. ಆಗ ತೆರೆದ ಬಾಗಿಲು ಮತ್ತೆ ಮುಚ್ಚದಿರಲಿ. ನೆರೆಮನೆಯವರು ಅದನ್ನು ಮುಕ್ತಿವಾಹನವೆಂದು ಕರೆದರೂ ಸರಿ, ಕರೆದಾಗ ನಮ್ಮ ವಾಹನ ಹೊರಡಬೇಕು.