ಅಜ್ಜಿಯ ಚೆನ್ನೆಮಣೆ, ಎರಡು ವಾರದ ಸ್ಪ್ರಿಂಟ್

ಡೊಂಬಿವಿಲಿಯ ನಮ್ಮ ಕಟ್ಟಡದ ಮೂರನೇ ಮಹಡಿಯ ಹುಡುಗಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಮೂವರು ಸಹಪಾಠಿಗಳ ಜೊತೆ ಪ್ರಾಜೆಕ್ಟ್‌ಗೆಂದು ಚೆನ್ನೆಮಣೆಯ ಮೊಬೈಲ್ ಗೇಮ್ ಮಾಡುತ್ತಿದ್ದಾಳೆ. ನಾನು ಸಾಫ್ಟ್‌ವೇರ್ ಕೆಲಸದವನೆಂದು ತಿಳಿದಂದಿನಿಂದ ವಾರಕ್ಕೊಮ್ಮೆ "ಅಂಕಲ್, ಸ್ವಲ್ಪ ನೋಡ್ತೀರಾ?" ಎಂದು ಲ್ಯಾಪ್‌ಟಾಪ್ ಹಿಡಿದು ಬರುತ್ತಾಳೆ.

ಮುಂಬೈಯಲ್ಲಿ ಓದಿದವರಿಗೆ 'ಬ್ಲ್ಯಾಕ್ ಬುಕ್' ಗೊತ್ತಿರುತ್ತದೆ: ಕಪ್ಪು ರಟ್ಟಿನ ಮೇಲೆ ಚಿನ್ನದ ಅಕ್ಷರಗಳ ಪ್ರಾಜೆಕ್ಟ್ ವರದಿ. ಎಷ್ಟೋ ಮಕ್ಕಳು ಅದರಲ್ಲಿ 'ಅಜೈಲ್ ಪದ್ಧತಿ' ಎಂದು ಬರೆದು, ಸುತ್ತುವ ಬಾಣಗಳ ಚಿತ್ರವೊಂದನ್ನು ಅಂಟಿಸಿ, ಕೋಡನ್ನೆಲ್ಲ ಕೊನೆಯ ಹದಿನೈದು ದಿನಗಳಲ್ಲಿ ಬರೆಯುತ್ತಾರೆ. ಈ ನಾಲ್ವರು ನಿಜಕ್ಕೂ ಮಾಡಿ ನೋಡೋಣ ಎಂದು ಹೊರಟರು.

ಅಜೈಲ್ ಎಂದರೆ, 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಬರೆದ ಪುಟ್ಟ ಪ್ರಣಾಳಿಕೆ. ಮೊದಲೇ ಬರೆದ ಯೋಜನೆಗೆ ಜೋತುಬೀಳದೆ, ಓಡುವ ಸಾಫ್ಟ್‌ವೇರನ್ನು ಬೇಗ ಬೇಗ ಬಳಸುವವರ ಕೈಗೆ ಕೊಟ್ಟು, ಅವರ ಮಾತು ಕೇಳಿ ತಿದ್ದಿ ಎನ್ನುವುದು ಅದರ ತಿರುಳು. ನಮ್ಮ ಆಫೀಸುಗಳಲ್ಲಿ ಅದು ಬೆಳಗಿನ ಹಾಜರಿಯಾಗಿಬಿಟ್ಟಿದೆ, ಆ ಮಾತು ಬೇರೆ. (ದಿನವೂ ನಿಂತು ಸಭೆ ಮಾಡಬೇಕಂತೆ. ಡೊಂಬಿವಿಲಿ ಲೋಕಲ್‌ನಲ್ಲಿ ಹೋಗುವವರಿಗೆ ನಿಲ್ಲುವುದನ್ನು ಹೇಳಿಕೊಡಬೇಕೆ!) ಆದರೆ ಗೇಮ್‌ಗೆ ಇದು ಹೇಳಿಮಾಡಿಸಿದ ಪದ್ಧತಿ. ಬ್ಯಾಂಕಿನ ಬಡ್ಡಿ ಲೆಕ್ಕವನ್ನು ಕಾಗದದ ಮೇಲೇ ಪರೀಕ್ಷಿಸಬಹುದು. ಆಟ ಮಜವಾಗಿದೆಯೇ ಎಂಬುದು ಆಡದೆ ತಿಳಿಯದು.

ಮೊದಲ ಎರಡು ವಾರದ ಸ್ಪ್ರಿಂಟ್‌ನಲ್ಲಿ ಮಣೆ ಸಿದ್ಧವಾಯಿತು. ಎದುರುಬದುರು ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ನಿಯಮಗಳನ್ನು ಮಾತ್ರ ಇಂಟರ್‌ನೆಟ್‌ನಲ್ಲಿ ಸಿಕ್ಕ 'ಕಲಾಹ್' ಎಂಬ ಆಟದಿಂದ ಎತ್ತಿಕೊಂಡಿದ್ದರು. ಕಾಪು ಕಡೆಯ ಅವಳ ಅಜ್ಜಿ ಎರಡು ಸಲ ಆಡಿ ಫೋನ್ ಕೆಳಗಿಟ್ಟರು. "ಇದೆಂತ ಮಾರಾಯ್ತಿ, ಇದು ಚೆನ್ನೆ ಅಲ್ಲ." ಅವರ ಚೆನ್ನೆಯಲ್ಲಿ ಕೈಯ ಬೀಜ ಮುಗಿದ ಕೂಡಲೇ ಸರದಿ ಮುಗಿಯುವುದಿಲ್ಲ. ಮುಂದಿನ ಗುಳಿಯದನ್ನು ಬಾಚಿಕೊಂಡು ಹಂಚುತ್ತ ಹೋಗಬೇಕು. ಖಾಲಿ ಗುಳಿ ಎದುರಾದರೆ ಅದರಾಚೆಯದು ನಿಮ್ಮದು. ಜೊತೆಗೆ, ಅಕ್ಕತಂಗಿಯರು ಎದುರುಬದುರು ಕೂರಬಾರದೆಂದು ಅಬ್ಬಗ-ದಾರಗರ ಕಥೆಯನ್ನೂ ಹೇಳಿದರು. ಅದನ್ನು ಕೋಡ್‌ನಲ್ಲಿ ಹೇಗೆ ಹಾಕುವುದೋ!

ಹಾಳಾದದ್ದು ಎರಡು ವಾರ. ಇದೇ ಮಾತು ಪರೀಕ್ಷೆಯ ಹಿಂದಿನ ವಾರ ಬಂದಿದ್ದರೆ ಆಟವನ್ನೇ ಕೈಬಿಡಬೇಕಿತ್ತು.

ಎರಡನೇ ಸ್ಪ್ರಿಂಟ್‌ನದು ಬೇರೆ ಪಾಡು. ಬದಲಾಪುರದಿಂದ ಬರುವ ಹುಡುಗ ಗಾಳಿಗೆ ತೂಗುವ ಅಡಿಕೆ ತೋಟದ ಹಿನ್ನೆಲೆ ಮಾಡಿದ್ದ, ಚೆಂದವಿತ್ತು. ಅಗ್ಗದ ಫೋನುಗಳಲ್ಲಿ ಅದರಿಂದ ಆಟ ತಡವರಿಸುತ್ತಿತ್ತು. ಮೂವರು ತೆಗೆಯೋಣ ಎಂದರು, ತೆಗೆದರು. ಅವನು ಹತ್ತು ದಿನ ಯಾರ ಫೋನನ್ನೂ ಎತ್ತಲಿಲ್ಲ. ಆಫೀಸಿನಲ್ಲಿ ನಾನು ಬರೆದ ಕೋಡ್ ಬಿಸಾಡಿದರೂ ತಿಂಗಳ ಸಂಬಳ ಬರುತ್ತದೆ. ಅವನಿಗೆ ವೈವಾದಲ್ಲಿ "ನೀನೇನು ಮಾಡಿದೆ?" ಎಂದು ಕೇಳಿದರೆ ತೋರಿಸಲು ಏನಿದೆ? 'ಬದಲಾವಣೆಯನ್ನು ಸ್ವಾಗತಿಸಿ' ಎನ್ನುವವರು, ಬದಲಾವಣೆಯಲ್ಲಿ ಕೆಲಸ ಕಳೆದುಕೊಂಡವನನ್ನು ಮರೆಯುತ್ತಾರೆ. ಕೈಬಿಟ್ಟ ತೋಟವನ್ನೂ, ಯಾಕೆ ಬಿಟ್ಟಿರೆಂಬುದನ್ನೂ ಅವನ ಹೆಸರಿನಲ್ಲಿ ಬ್ಲ್ಯಾಕ್ ಬುಕ್‌ಗೆ ಹಾಕಿ ಎಂದೆ. ಗೈಡ್ ಒಪ್ಪುವರೋ ಇಲ್ಲವೋ, ಅವರಿಗೆ ಆಗಸ್ಟ್‌ನ ಚಾರ್ಟ್ ಪ್ರಕಾರ ಎಲ್ಲ ನಡೆದಿರಬೇಕು.

ಹುಡುಗಿಯೇ ಬದಲಾಪುರಕ್ಕೆ ಹೋಗಿ ಅವನನ್ನು ಕರೆತಂದಳು. ಈಗ ಅವನ ಪಾಲಿಗೆ ಸದ್ದಿನ ಕೆಲಸ. ಫ್ಯಾನ್ ನಿಲ್ಲಿಸಿ, ಅಜ್ಜಿಯ ಹಳೆಯ ಮಣೆಗೆ ಮಂಜೊಟ್ಟಿ ಬೀಳುವ ಸದ್ದನ್ನು ಒಂದು ಮಧ್ಯಾಹ್ನವಿಡೀ ರೆಕಾರ್ಡ್ ಮಾಡಿದ.

ಸದ್ಯದ ತಗಾದೆ ಗುಳಿಯ ಮೇಲೆ ಕಾಣುವ ಅಂಕಿಯದು. ಲೆಕ್ಕ ಕಣ್ಣಲ್ಲೇ ಮಾಡಬೇಕು, ಇಲ್ಲದಿದ್ದರೆ ಆಟವೇನು ಬಂತು ಎನ್ನುತ್ತಾರೆ ಅಜ್ಜಿ. ಇಬ್ಬರು ಅವರ ಪರ, ಇಬ್ಬರು ವಿರೋಧ. ಭಾನುವಾರ ತೀರ್ಮಾನ.